ಪುಟ್ಟ ವಿಮಾನಕ್ಕೆ ನಿಜವಾದ ಬಣ್ಣ

ತೆಂಗಿನ ಗರಿಯ ಬಣ್ಣ ಯಾವುದೆಂದು ಮಕ್ಕಳನ್ನು ಕೇಳಿ ನೋಡಿ. 'ಹಸಿರು' ಎಂದು ತಟ್ಟನೆ ಹೇಳುತ್ತಾರೆ. ಯಾವ ಹಸಿರು? ಸುಳಿಯ ಎಳೆಗರಿ ತಿಳಿ ಹಳದಿ, ನಡುವಿನ ಗರಿ ಕಡು ಹಸಿರು, ಜೋತುಬಿದ್ದ ಗರಿ ಕಂದು. ತಿಪಟೂರಿನ ಕೊಬ್ಬರಿ ವ್ಯಾಪಾರಿಯೂ ಅಟ್ಟದ ಮಬ್ಬು ಬೆಳಕಿನಲ್ಲಿ ಬೆಲೆ ಕಟ್ಟುವುದಿಲ್ಲ. ಹಗಲಿಗೆ ಹಿಡಿದು, ಒಡೆದು, ಒಳಗಿನ ಬಣ್ಣ ನೋಡಿಯೇ ಮಾತನಾಡುತ್ತಾನೆ. ಬಣ್ಣವೆಂಬುದು ಕಣ್ಣಿಗೆ ಕಂಡಷ್ಟು ಸುಲಭದ ವಿಷಯವಲ್ಲ ಎಂಬುದು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಜನರಿಗೆ ಯಾರೂ ಕಲಿಸಬೇಕಾಗಿಲ್ಲ.

ಇದೇ ಎಚ್ಚರವನ್ನು ಬೇಡುವ ಒಂದು ಹವ್ಯಾಸವಿದೆ. ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ಮಾಡಿ, ಅವಕ್ಕೆ ಮೂಲ ವಿಮಾನದ್ದೇ ಬಣ್ಣ, ಗುರುತು, ಸಂಖ್ಯೆಗಳನ್ನು ಹಾಕುವ ಹವ್ಯಾಸ. ನಮ್ಮದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಇನ್ನು ನಮ್ಮ ಮಕ್ಕಳೂ ಆಕಾಶಯಾನದ ಕಡೆ ಕುತೂಹಲದಿಂದ ನೋಡುವುದು ಸಹಜ. ಹಾಗಾಗಿ ಈ ಹವ್ಯಾಸ ಏನನ್ನು ಕಲಿಸುತ್ತದೆಂದು ಹೆತ್ತವರು ತಿಳಿದಿರುವುದು ಒಳ್ಳೆಯದು.

ಅಳತೆ ಮತ್ತು ಬಣ್ಣ

ಮಾದರಿಗಳಲ್ಲಿ ಬಹಳ ಪ್ರಚಲಿತವಾದುದು 72ರಲ್ಲಿ ಒಂದು ಪಾಲಿನ ಅಳತೆ. ಬೆಂಗಳೂರಿನಲ್ಲಿ ತಯಾರಾದ ಮಾರುತ್ ವಿಮಾನದ ಉದ್ದ ಸುಮಾರು 15.87 ಮೀಟರ್. ಮಾದರಿಯಲ್ಲಿ ಅದು 22 ಸೆಂಟಿಮೀಟರ್ ಆಗುತ್ತದೆ. ಅಳತೆಯನ್ನು ಭಾಗಿಸಿ ತೆಗೆಯಬಹುದು. ಬಣ್ಣವನ್ನು ಹಾಗೆ ತೆಗೆಯಲಾಗದು. ಅದಕ್ಕೆ ಸಾಕ್ಷ್ಯ ಬೇಕು.

ಬಣ್ಣದ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡಿಕೊಳ್ಳುತ್ತಾರೆ. ಆದ್ದರಿಂದಲೇ ದೇಶಗಳು ಬಣ್ಣಗಳಿಗೆ ಸಂಖ್ಯೆ ಕೊಟ್ಟವು. ಅಮೆರಿಕದ ಪಟ್ಟಿಯಲ್ಲಿ ಪ್ರತಿ ಬಣ್ಣಕ್ಕೂ ಐದು ಅಂಕಿ. ಮೊದಲ ಅಂಕಿ ಹೊಳಪನ್ನೂ ಎರಡನೆಯದು ಬಣ್ಣದ ಗುಂಪನ್ನೂ ಹೇಳುತ್ತದೆ. 34087 ಎಂದರೆ ಹೊಳಪಿಲ್ಲದ, ಹಸಿರು ಗುಂಪಿಗೆ ಸೇರಿದ ಒಂದು ಬಣ್ಣ. ಅಲ್ಲಿ ವಾದಕ್ಕೆ ಎಡೆಯಿಲ್ಲ.

ಹಳೆಯ ಫೋಟೋ ನೋಡಿದರೆ ಸಾಲದೇ ಎಂದು ನೀವು ಕೇಳಬಹುದು. ಸಾಲದು. ಹಿಂದಿನ ಒಂದು ಬಗೆಯ ಕಪ್ಪು-ಬಿಳುಪು ಫಿಲ್ಮಿಗೆ ಕೆಂಪು ಬಣ್ಣ ತಿಳಿಯುತ್ತಲೇ ಇರಲಿಲ್ಲ. ಕೆಂಪು ಕಪ್ಪಾಗಿಯೂ ನೀಲಿ ಬಿಳಿಚಿಕೊಂಡೂ ಮೂಡುತ್ತಿದ್ದವು. ಬಣ್ಣದ ಫೋಟೋ ಕೂಡ ಕಾಲ ಕಳೆದಂತೆ ಮಾಸುತ್ತದೆ. ಸಂಗ್ರಹಾಲಯದ ವಿಮಾನವನ್ನೇ ನೋಡಿ ಬರೋಣವೆಂದರೆ, ಪ್ರದರ್ಶನಕ್ಕಾಗಿ ಅದಕ್ಕೆ ಮತ್ತೆ ಬಣ್ಣ ಬಳಿದಿರಬಹುದು. ಆದ್ದರಿಂದ ಅನುಭವಿಗಳು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಫೋಟೋ, ದಾಖಲೆ, ಅಂದು ಕೆಲಸ ಮಾಡಿದವರ ಮಾತು ಈ ಮೂರೂ ಕೂಡಿದಾಗಲಷ್ಟೇ ಕುಂಚ ಎತ್ತುತ್ತಾರೆ.

ಒಂದು ವೃತ್ತದ ಚರಿತ್ರೆ

ನಮ್ಮ ವಾಯುಪಡೆಯ ವಿಮಾನದ ಮೇಲಿನ ದುಂಡನೆಯ ಗುರುತನ್ನೇ ತೆಗೆದುಕೊಳ್ಳಿ. 1932ರಲ್ಲಿ ವಾಯುಪಡೆ ಹುಟ್ಟಿದಾಗ ಬ್ರಿಟಿಷರದ್ದೇ ಕೆಂಪು, ಬಿಳಿ, ನೀಲಿ ವೃತ್ತಗಳಿದ್ದವು. ಎರಡನೇ ಮಹಾಯುದ್ಧದಲ್ಲಿ ಜಪಾನಿನ ವಿಮಾನಗಳ ಮೇಲೆ ಕೆಂಪು ಸೂರ್ಯನಿದ್ದ. ಬರ್ಮಾ ಕಡೆಯ ಕಾಳಗದಲ್ಲಿ ತಮ್ಮವರೇ ತಮ್ಮವರಿಗೆ ಗುಂಡು ಹಾರಿಸಬಾರದೆಂದು ನಮ್ಮ ಗುರುತಿನಿಂದ ಕೆಂಪನ್ನು ತೆಗೆದುಹಾಕಲಾಯಿತು. ಸ್ವಾತಂತ್ರ್ಯದ ಬಳಿಕ ಕೆಲಕಾಲ ಅಶೋಕ ಚಕ್ರ ಬಂತು. 1950ರಿಂದ ಕೇಸರಿ, ಬಿಳಿ, ಹಸಿರಿನ ವೃತ್ತಗಳು ಉಳಿದುಕೊಂಡವು. ವರ್ಷ ತಪ್ಪಿದರೆ ಗುರುತು ತಪ್ಪುತ್ತದೆ. ಯುದ್ಧರಂಗದಲ್ಲಿ ಅದು ಪ್ರಾಣದ ಪ್ರಶ್ನೆಯೇ ಆಗಿತ್ತು.

ದೇವಯ್ಯನವರ ವಿಮಾನ

ಇನ್ನು ಕರ್ನಾಟಕದ ಒಬ್ಬ ವೀರನ ವಿಮಾನವನ್ನು ಮಾಡಬೇಕೆಂದುಕೊಳ್ಳಿ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹಾರಿಸಿದ್ದು ಫ್ರಾನ್ಸಿನ ಮಿಸ್ಟೇರ್ ವಿಮಾನ. ಇಂದು ಯುದ್ಧವಿಮಾನವೆಂದರೆ ಬೂದು ಬಣ್ಣ ಅಥವಾ ಹಸಿರು-ಕಂದು ಪಟ್ಟೆ ಎಂದು ನಮ್ಮ ಮನಸ್ಸು ಹೇಳುತ್ತದೆ. ಆದರೆ 1965ರ ಯುದ್ಧ ಆರಂಭವಾದಾಗ ಮಿಸ್ಟೇರ್, ನ್ಯಾಟ್ ವಿಮಾನಗಳು ಹೆಚ್ಚಾಗಿ ಬಣ್ಣ ಬಳಿಯದ ಲೋಹದ ಹೊಳಪಿನಲ್ಲೇ ಇದ್ದವು. ನೆಲದಲ್ಲಿ ನಿಂತ ವಿಮಾನಗಳ ಮೇಲೆ ದಾಳಿಯಾದಾಗ, ಹೊಳೆಯುವ ಲೋಹ ಎಷ್ಟು ಅಪಾಯಕಾರಿ ಎಂದು ತಿಳಿಯಿತು. ಆಮೇಲೆ ಅವಸರದಿಂದ ಮರೆಬಣ್ಣ ಬಳಿಯಲಾಯಿತು. ಇಲ್ಲಿ ವರ್ಷ ಗೊತ್ತಿದ್ದರೂ ಸಾಲದು, ತಿಂಗಳೂ ಬೇಕು.

1965ರ ಸೆಪ್ಟೆಂಬರ್ 7ರಂದು ಮಿಸ್ಟೇರ್‌ಗಳ ತಂಡ ಪಾಕಿಸ್ತಾನದ ಸರ್ಗೋಧಾ ನೆಲೆಯತ್ತ ಹೊರಟಿತು. ದೇವಯ್ಯನವರು ಕಾಯ್ದಿರಿಸಿದ ಪೈಲಟ್ ಆಗಿ ಹೋದವರು. ಮರಳಿ ಬರಲಿಲ್ಲ. ಏನಾಯಿತೆಂದು ನಮ್ಮ ಕಡೆಯ ಯಾರೂ ಕಂಡಿರಲಿಲ್ಲ. 1979ರಲ್ಲಿ ಪ್ರಕಟವಾದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಪುಸ್ತಕದಿಂದ ವಿಷಯ ಹೊರಬಿತ್ತು. ಪಾಕಿಸ್ತಾನದ ಪೈಲಟ್ ಅಮ್ಜದ್ ಹುಸೇನ್ ಅವರ ಸ್ಟಾರ್‌ಫೈಟರ್, ಮಿಸ್ಟೇರ್ ಒಂದರ ಜೊತೆಗಿನ ಕಾಳಗದಲ್ಲಿ ನಾಶವಾಗಿತ್ತು. ಅಮ್ಜದ್ ಹುಸೇನ್ ಹೊರಹಾರಿ ಬದುಕಿದ್ದರು. ಸ್ಟಾರ್‌ಫೈಟರ್ ಆ ಕಾಲದ ಅತಿವೇಗದ ವಿಮಾನಗಳಲ್ಲಿ ಒಂದು. ಮಿಸ್ಟೇರ್ ಅದಕ್ಕಿಂತ ಬಹಳ ನಿಧಾನದ್ದು. ಅದರೊಡನೆ ಸೆಣಸಿದ ಮಿಸ್ಟೇರ್ ದೇವಯ್ಯನವರದ್ದೇ ಎಂದು ಎರಡೂ ಕಡೆಯ ಮಾಹಿತಿ ಹೋಲಿಸಿದಾಗ ಸ್ಪಷ್ಟವಾಯಿತು. 1988ರಲ್ಲಿ ಅವರಿಗೆ ಮರಣೋತ್ತರ ಮಹಾವೀರ ಚಕ್ರ ದೊರೆಯಿತು. ಸತ್ತು 23 ವರ್ಷಗಳ ಬಳಿಕ!

ಯೋಚಿಸಿ ನೋಡಿ. ಒಬ್ಬನ ಶೌರ್ಯಕ್ಕೆ ಎದುರಾಳಿ ಪಕ್ಷವೇ ಸಾಕ್ಷಿಯಾಯಿತು. ನಮ್ಮವರ ಮಾತು ಮಾತ್ರ ಸತ್ಯ, ಎದುರಿನವರದ್ದೆಲ್ಲ ಸುಳ್ಳು ಎಂದು ಕಿವಿ ಮುಚ್ಚಿಕೊಂಡಿದ್ದರೆ ದೇವಯ್ಯನವರು ಇಂದಿಗೂ 'ಕಾಣೆಯಾದವರ' ಪಟ್ಟಿಯಲ್ಲೇ ಇರುತ್ತಿದ್ದರು.

ಹೆತ್ತವರಿಗೆ

ಮಕ್ಕಳಿಗೆ ಇದರಲ್ಲಿ ಆಸಕ್ತಿಯಿದ್ದರೆ ದುಬಾರಿ ಸಾಮಗ್ರಿಯಿಂದ ಆರಂಭಿಸಬೇಡಿ. ಮೊದಲು ಬೆಂಗಳೂರಿಗೆ ಕರೆದೊಯ್ಯಿರಿ. ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಿಮಾನಗಳನ್ನು ಹತ್ತಿರದಿಂದ ನೋಡಬಹುದು. ಜೊತೆಗೊಂದು ನೋಟ್‌ಬುಕ್ ಇರಲಿ. ಬಾಲದ ಪಟ್ಟಿಯಲ್ಲಿ ಯಾವ ಬಣ್ಣ ಮುಂದಿದೆ, ಸಂಖ್ಯೆ ಎಲ್ಲಿದೆ, ಬಣ್ಣ ಎಲ್ಲಿ ಸವೆದಿದೆ ಎಂದು ಬರೆದುಕೊಳ್ಳಲಿ. ಎನಾಮೆಲ್ ಬಣ್ಣ, ಥಿನ್ನರ್ ಬಳಸುವಾಗ ಕಿಟಕಿ ತೆರೆದಿರಲಿ. ಬೆಂಕಿಯಿಂದಲೂ ಚಿಕ್ಕ ಮಕ್ಕಳಿಂದಲೂ ಅವು ದೂರವಿರಲಿ. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ ಎಳೆಯರಿಗೆ ವಾಸಿ.

ಎಲ್ಲಕ್ಕಿಂತ ಮುಖ್ಯವಾಗಿ, ಮಗು ಬಣ್ಣ ಬಳಿಯುವ ಮುನ್ನ ಒಂದು ಪ್ರಶ್ನೆ ಕೇಳಿ: 'ಇದೇ ಬಣ್ಣವೆಂದು ನಿನಗೆ ಹೇಗೆ ಗೊತ್ತು?' ಯುದ್ಧವಿಮಾನ ಆಟಿಕೆಯಲ್ಲ, ಅದರೊಳಗೆ ಒಬ್ಬ ಮನುಷ್ಯ ಕುಳಿತಿದ್ದ, ಅವನಿಗಾಗಿ ಮನೆಯಲ್ಲಿ ಯಾರೋ ಕಾಯುತ್ತಿದ್ದರು ಎಂಬುದನ್ನೂ ಹೇಳಿಕೊಡಿ. 18 ಸೆಂಟಿಮೀಟರಿನ ಮಿಸ್ಟೇರ್ ಮಾದರಿಗೆ ಬಣ್ಣ ಹಚ್ಚುವಾಗ ಸಾಕ್ಷ್ಯ ಕೇಳಲು ಕಲಿತ ಮಗು, ನಾಳೆ ನೆರೆಯವನ ಬಗ್ಗೆ ಗಾಳಿಮಾತು ಬಂದಾಗಲೂ ಸಾಕ್ಷ್ಯ ಕೇಳೀತು.