ಫೋರ್ ವೀಲ್ ಟ್ರ್ಯಾಕ್ಟರ್‌ನ ಮುಂದಿನ ಡಿಫರೆನ್ಷಿಯಲ್ ಬೇರಿಂಗ್ ಬೇಗ ಹೋಗೋದು ಯಾಕೆ?

ಎರಡು ವರ್ಷದ ಹಿಂದಿನ ಮಾತು. ನಾಲೆಗೆ ನೀರು ಬಂದಿತ್ತು. ಸಸಿಮಡಿಯಲ್ಲಿ ಭತ್ತದ ಸಸಿಗೆ 22 ದಿನ ಆಗಿತ್ತು. ನಾಟಿಗೆ ಹೆಣ್ಣಾಳುಗಳಿಗೂ ಹೇಳಿ ಆಗಿತ್ತು. ಮೂರೂವರೆ ಎಕರೆಯಲ್ಲಿ ಒಂದೂವರೆ ಎಕರೆ ರೊಳ್ಳೆ ಹೊಡೆದು ಮುಗಿಸಿದ್ದೆ. ಬದುವಿನ ಹತ್ತಿರ ಟ್ರ್ಯಾಕ್ಟರ್ ತಿರುಗಿಸುವಾಗ ಮುಂದಿನ ಆಕ್ಸಲ್ ಒಳಗಿಂದ ಕಲ್ಲು ಅರೆದ ಹಾಗೆ ಕರಕರ ಸದ್ದು ಬಂತು. ಹತ್ತು ನಿಮಿಷದಲ್ಲಿ ಗಾಡಿ ಗದ್ದೆ ಮಧ್ಯೆ ನಿಂತೇ ಹೋಯ್ತು.

ಮೆಕ್ಯಾನಿಕ್ ಅಣ್ಣ ಬಂದು ಕೆಳಗಿನ ಪ್ಲಗ್ ಬಿಚ್ಚಿದರು. ಒಳಗಿಂದ ಬಂದದ್ದು ಆಯಿಲ್ ಅಲ್ಲ, ಹಾಲು ಹಾಕಿದ ಟೀ ಥರದ ನೀರು. ಅದರಲ್ಲಿ ಬೆಳ್ಳಗೆ ಮಿಂಚುವ ಕಬ್ಬಿಣದ ಚೂರು ಬೇರೆ. "ಬೇರಿಂಗ್ ಹೋಗಿ ಪಿನಿಯನ್ ಹಲ್ಲೂ ತಿಂದೈತಿ" ಅಂದರು. ಬಿಲ್ಲು 38,000 ರೂಪಾಯಿ. ಸ್ಪೇರ್ ಬರೋಕೆ ಒಂಬತ್ತು ದಿನ. ಆ ಸೀಸನ್ನಲ್ಲಿ ಬಾಡಿಗೆ ಟ್ರ್ಯಾಕ್ಟರ್ ಸಿಗೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಸಸಿ ವಯಸ್ಸು ಮೀರಿತು, ಆ ಎರಡು ಎಕರೆಯಲ್ಲಿ ತೆಂಡೆ ಸರಿಯಾಗಿ ಒಡೆಯಲೇ ಇಲ್ಲ.

ಗಾಡಿ ಓಡಿದ್ದು ಬರೀ 1,100 ಗಂಟೆ. ಅಷ್ಟಕ್ಕೆ ಬೇರಿಂಗ್ ಸಾಯಬಾರದು. ನಾನು ಓದಿದ್ದು ತೋಟಗಾರಿಕೆ, ಗೇರು ಬಾಕ್ಸ್ ಅಲ್ಲ. ಆದರೆ ಆ ಒಂಬತ್ತು ದಿನ ಗ್ಯಾರೇಜಿನಲ್ಲಿ ಕೂತು, ಬಿಚ್ಚಿದ ಒಂದೊಂದು ಭಾಗ ಕೈಯಲ್ಲಿ ಹಿಡಿದು ನೋಡಿದ ಮೇಲೆ ಒಂದು ವಿಷಯ ಅರ್ಥ ಆಯ್ತು. ಆ ಬೇರಿಂಗ್ ತಾನಾಗಿ ಸಾಯಲಿಲ್ಲ, ನಾನೇ ಸಾಯಿಸಿದ್ದೆ.

ಮುಂದಿನ ಆಕ್ಸಲ್ ಒಳಗೆ ಏನಿದೆ?

ಗೇರು ಬಾಕ್ಸಿನಿಂದ ಒಂದು ಶಾಫ್ಟ್ ಮುಂದಿನ ಆಕ್ಸಲ್‌ಗೆ ಬರುತ್ತದೆ. ಅದರ ತುದಿಯಲ್ಲಿ ಇರುವ ಚಿಕ್ಕ ಹಲ್ಲಿನ ಚಕ್ರವೇ ಪಿನಿಯನ್. ಅದು ದೊಡ್ಡ ಕ್ರೌನ್ ವೀಲನ್ನು ತಿರುಗಿಸುತ್ತದೆ. ಕ್ರೌನ್ ವೀಲ್ ಜೊತೆ ಇರುವ ಡಿಫರೆನ್ಷಿಯಲ್, ಎಡ ಬಲ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುತ್ತದೆ.

ಪಿನಿಯನ್ನನ್ನು ಮತ್ತು ಡಿಫರೆನ್ಷಿಯಲ್‌ನ ಎರಡು ಬದಿಯನ್ನು ಹಿಡಿದು ನಿಲ್ಲಿಸೋದೇ ಬೇರಿಂಗ್‌ಗಳ ಕೆಲಸ. ಹೆಚ್ಚಿನ ಗಾಡಿಗಳಲ್ಲಿ ಇವು ಟೇಪರ್ ರೋಲರ್ ಬೇರಿಂಗ್, ಕೆಲವು ಚಿಕ್ಕ ಟ್ರ್ಯಾಕ್ಟರ್‌ಗಳಲ್ಲಿ ಬಾಲ್ ಬೇರಿಂಗ್. ಗೇರು ಎಳೆಯುವಾಗ ಪಿನಿಯನ್ ಸುಮ್ಮನೆ ತಿರುಗುವುದಿಲ್ಲ, ಹಿಂದೆ ಮುಂದೆ ಒತ್ತುತ್ತದೆ, ಬದಿಗೂ ತಳ್ಳುತ್ತದೆ. ಆ ಭಾರವೆಲ್ಲ ಬೀಳೋದು ರೋಲರ್ ಮತ್ತು ರೇಸ್ ನಡುವಿನ ಕೂದಲೆಳೆಗಿಂತ ತೆಳ್ಳಗಿನ ಆಯಿಲ್ ಪದರದ ಮೇಲೆ. ಆ ಪದರ ಹರಿದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ. ಮುಂದಿನ ಕಥೆ ನನ್ನ ಬಿಲ್ಲಿನಲ್ಲಿದೆ.

ಕಾರಣ 1: ಟಾರ್ ರೋಡಿನಲ್ಲಿ ಫೋರ್ ವೀಲ್ ಹಾಕಿ ಓಡಿಸೋದು

ಇದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ಗದ್ದೆಯಿಂದ ಹೊರಗೆ ಬರ್ತೀವಿ, ಲಿವರ್ ತೆಗೆಯೋದು ಮರೆತು ಹಾಗೇ ಮಿಲ್ಲಿಗೋ ಸಂತೆಗೋ ಹೋಗ್ತೀವಿ.

ಟ್ರ್ಯಾಕ್ಟರ್‌ನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಸ್ವಲ್ಪ ಜೋರಾಗಿ ತಿರುಗುವ ಹಾಗೆ ಕಂಪನಿಯವರೇ ಲೆಕ್ಕ ಹಾಕಿ ಮಾಡಿರುತ್ತಾರೆ. ಇದಕ್ಕೆ ಲೀಡ್ ಅಂತಾರೆ. ಸಾಮಾನ್ಯವಾಗಿ ಇದು ಶೇ. 1ರಿಂದ 5ರ ಒಳಗೆ ಇರುತ್ತದೆ. ಮುಂದಿನ ಚಕ್ರ ಗಾಡಿಯನ್ನು ಎಳೆಯಲಿ ಅನ್ನೋದೇ ಉದ್ದೇಶ. ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಟೈರು ಸ್ವಲ್ಪ ಜಾರುತ್ತದೆ, ಹಾಗಾಗಿ ಆ ವ್ಯತ್ಯಾಸ ಮಣ್ಣಿನಲ್ಲೇ ಕಳೆದು ಹೋಗುತ್ತದೆ.

ಟಾರ್ ರೋಡಿನಲ್ಲಿ ಟೈರು ಜಾರಲ್ಲ. ಮುಂದಿನದು ಜೋರಾಗಿ ಹೋಗಬೇಕು ಅಂತಿದೆ, ಹಿಂದಿನದು ಬಿಡಲ್ಲ. ತಿರುವಿನಲ್ಲಿ ಇನ್ನೂ ಕಷ್ಟ, ಯಾಕಂದ್ರೆ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕಬೇಕು. ಮುಂದಿನ ಹಿಂದಿನ ಆಕ್ಸಲ್ ನಡುವೆ ಈ ವ್ಯತ್ಯಾಸ ನುಂಗುವ ಡಿಫರೆನ್ಷಿಯಲ್ ಇರುವುದಿಲ್ಲ. ಒದ್ದೆ ಬಟ್ಟೆ ಹಿಂಡಿದ ಹಾಗೆ ಶಾಫ್ಟು, ಪಿನಿಯನ್ನು, ಬೇರಿಂಗು ಎಲ್ಲವನ್ನೂ ಒಳಗೊಳಗೇ ಹಿಂಡುತ್ತಾ ಹೋಗುತ್ತದೆ.

ರೋಡಿನಲ್ಲಿ ಬಂದ ಮೇಲೆ ಫೋರ್ ವೀಲ್ ಲಿವರ್ ಬಿಗಿಯಾಗಿ ಹಿಡ್ಕೊಂಡು ಬರಲ್ಲ, ಸ್ವಲ್ಪ ರಿವರ್ಸ್ ಹೋದ ಮೇಲೆ ಟಕ್ ಅಂತ ಬಿಡುತ್ತದೆ ಅಲ್ವಾ? ಆ ಟಕ್ ಅನ್ನೋದೇ ಸೇರಿಕೊಂಡಿದ್ದ ಒತ್ತಡ. ನನ್ನ ಗಾಡಿಯಲ್ಲಿ ಅದು ಎಷ್ಟು ಸಲ ಆಗಿತ್ತೋ ಲೆಕ್ಕ ಇಲ್ಲ.

ಒಂದು ಮಾತು ನೆನಪಿರಲಿ. ಲೋಡ್ ಟ್ರೈಲರ್ ಹಾಕಿಕೊಂಡು ಕಡಿದಾದ ಇಳಿಜಾರು ಇಳಿಯುವಾಗ ಹಿಡಿತಕ್ಕೆ ಫೋರ್ ವೀಲ್ ಹಾಕಿ ಅಂತ ನಿಮ್ಮ ಗಾಡಿಯ ಪುಸ್ತಕ ಹೇಳಿದ್ದರೆ ಹಾಕಿ. ಬೇರಿಂಗ್‌ಗಿಂತ ಜೀವ ದೊಡ್ಡದು. ಇಳಿದ ಮೇಲೆ ತೆಗೆದರಾಯಿತು.

ಕಾರಣ 2: ಹೊಂದಾಣಿಕೆ ಇಲ್ಲದ ಟೈರು

ಮುಂದಿನ ಟೈರು ಸವೆಯಿತು ಅಂತ ಅಂಗಡಿಯಲ್ಲಿ ಸಿಕ್ಕ ಸೈಜು ಹಾಕಿಸ್ತೀವಿ. ಮುಂದಿನದು ಹೊಸದು, ಹಿಂದಿನದು ಅರ್ಧ ಸವೆದದ್ದು ಆದರೆ ಲೀಡ್ ಜಾಸ್ತಿ ಆಗುತ್ತದೆ. ಹಿಂದಿನದು ಹೊಸದು, ಮುಂದಿನದು ಬೋಳು ಆದರೆ ಲೀಡ್ ಕಡಿಮೆ ಆಗಿ, ಕೊನೆಗೆ ಮುಂದಿನ ಚಕ್ರ ಎಳೆಯುವ ಬದಲು ಬ್ರೇಕ್ ಥರ ಆಗಬಹುದು. ಎರಡೂ ಕಡೆ ಪೆಟ್ಟು ಬೀಳೋದು ಗೇರಿಗೆ, ಬೇರಿಂಗಿಗೆ. ಗಾಳಿ ಏರುಪೇರಾದರೂ ಲೆಕ್ಕ ತಪ್ಪುತ್ತದೆ.

ಇದನ್ನು ನೀವೇ ಅಳೆಯಬಹುದು. ಗಟ್ಟಿಯಾದ ಮಣ್ಣಿನ ದಾರಿಯಲ್ಲಿ ನೇರವಾಗಿ, ನಿಧಾನವಾಗಿ ಓಡಿಸಬೇಕು. ಒಂದು ಹಿಂದಿನ ಟೈರಿಗೆ, ಒಂದು ಮುಂದಿನ ಟೈರಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಹಿಂದಿನದು 10 ಸುತ್ತು ತಿರುಗುವಾಗ ಮುಂದಿನದು ಎಷ್ಟು ಸುತ್ತು ಅಂತ ಒಬ್ಬರು ದೂರದಲ್ಲಿ ಪಕ್ಕಕ್ಕೆ ನಡೆಯುತ್ತಾ ಎಣಿಸಲಿ, ಅಥವಾ ಮೊಬೈಲಿನಲ್ಲಿ ವಿಡಿಯೋ ಮಾಡಲಿ. ಮೊದಲು ಫೋರ್ ವೀಲ್ ತೆಗೆದು, ಆಮೇಲೆ ಹಾಕಿ.

ಉದಾಹರಣೆಗೆ, ತೆಗೆದಾಗ 15.5 ಸುತ್ತು, ಹಾಕಿದಾಗ 16 ಸುತ್ತು ಅಂತ ಇಟ್ಕೊಳ್ಳಿ. ವ್ಯತ್ಯಾಸ 0.5. ಇದನ್ನು 15.5ರಿಂದ ಭಾಗಿಸಿ 100ರಿಂದ ಗುಣಿಸಿದರೆ ಸುಮಾರು ಶೇ. 3.2. ಇದು ಸರಿ ಇದೆ. ಶೇ. 5 ದಾಟಿದರೆ ಅಥವಾ ಸೊನ್ನೆಗಿಂತ ಕೆಳಗೆ ಹೋದರೆ ಟೈರು ಹೊಂದಿಕೆ ಆಗಿಲ್ಲ ಅಂತ ಅರ್ಥ.

ಕಾರಣ 3: ಆಯಿಲ್‌ಗೆ ಸೇರುವ ನೀರು

ನನ್ನ ಗಾಡಿಯ ಮುಖ್ಯ ರೋಗ ಇದು. ಕೆಲಸ ಮಾಡಿ ಬಿಸಿಯಾದ ಆಕ್ಸಲ್ ಒಮ್ಮೆಲೇ ತಣ್ಣಗಿನ ಗದ್ದೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಆಕ್ಸಲ್ ಹೊರಗಿನಿಂದ ಎಳೆದುಕೊಳ್ಳುತ್ತದೆ. ಬ್ರೀದರ್, ಅಂದ್ರೆ ಗಾಳಿ ಆಡುವ ಚಿಕ್ಕ ತೂತು, ಮಣ್ಣು ಮೆತ್ತಿ ಮುಚ್ಚಿಹೋಗಿದ್ದರೆ ಸೀಲಿನ ಸಂದಿಯಿಂದಲೇ ನೀರು ಒಳಗೆ ಬರುತ್ತದೆ. ಸೀಲಿಗೆ ಒಣಹುಲ್ಲು, ಪ್ಲಾಸ್ಟಿಕ್ ದಾರ, ಹರಿದ ಮಲ್ಚಿಂಗ್ ಶೀಟ್ ಸುತ್ತಿಕೊಂಡಿದ್ದರಂತೂ ಅದು ಸೀಲಿನ ತುಟಿಯನ್ನೇ ಕೊಯ್ಯುತ್ತದೆ. ಪ್ರೆಶರ್ ವಾಷರ್ ನೇರ ಸೀಲಿಗೆ ಹಿಡಿದು ತೊಳೆಯೋದೂ ಅಷ್ಟೇ ಕೆಟ್ಟದ್ದು.

ನೀರು ಬೆರೆತ ಆಯಿಲ್‌ಗೆ ಆ ತೆಳ್ಳನೆ ಪದರ ಹಿಡಿಯುವ ಶಕ್ತಿ ಇರುವುದಿಲ್ಲ. ಮಳೆಗಾಲ ಮುಗಿದು ಗಾಡಿ ಶೆಡ್ಡಿನಲ್ಲಿ ನಿಂತಾಗ ರೋಲರ್ ತಾಗಿದ ಜಾಗದಲ್ಲಿ ಗೆರೆ ಗೆರೆಯಾಗಿ ತುಕ್ಕು ಹಿಡಿಯುತ್ತದೆ. ಮುಂದಿನ ಸೀಸನ್ನಿನಲ್ಲಿ ಆ ತುಕ್ಕಿನ ಗುಳಿಯಿಂದಲೇ ಚಕ್ಕೆ ಏಳೋಕೆ ಶುರು. ಅಂದ್ರೆ ಈ ವರ್ಷ ಮಾಡಿದ ತಪ್ಪಿಗೆ ಬರುವ ವರ್ಷ ಬಿಲ್ಲು ಬರುತ್ತದೆ.

ಹದಿನೈದು ನಿಮಿಷದ ತಪಾಸಣೆ

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ. ಇಂಜಿನ್ ಆಫ್, ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ.

1. ರಾತ್ರಿ ಪೂರ್ತಿ ನಿಂತ ಗಾಡಿಯ ಡ್ರೇನ್ ಪ್ಲಗ್ಗನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಸ್ವಲ್ಪವೇ ಸಡಿಲಿಸಿ. ನೀರು ಆಯಿಲ್‌ಗಿಂತ ಭಾರ, ಕೆಳಗೆ ಕೂತಿರುತ್ತದೆ. ಮೊದಲ ಹನಿ ನೀರೋ ಆಯಿಲ್ಲೋ ನೋಡಿ. ಆಯಿಲ್ ಬೆಳ್ಳಗಾಗಿದ್ದರೆ ನೀರು ಆಗಲೇ ಬೆರೆತಿದೆ.

2. ಪ್ಲಗ್ಗಿಗೆ ಮ್ಯಾಗ್ನೆಟ್ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ. ಕಾಡಿಗೆ ಥರ ನುಣ್ಣಗಿದ್ದರೆ ಅದು ಮಾಮೂಲಿ ಸವೆತ. ಚುಚ್ಚುವ ಚೂರು, ಚಕ್ಕೆ ಇದ್ದರೆ ಗಾಡಿ ಓಡಿಸಬೇಡಿ.

3. ಮುಂದಿನ ಆಕ್ಸಲ್‌ಗೆ ಹೋಗುವ ಶಾಫ್ಟನ್ನು, ಪಿನಿಯನ್ ಹತ್ತಿರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸುತ್ತ ತಿರುಗುವ ಸ್ವಲ್ಪ ಆಟ ಇರುತ್ತದೆ, ಅದು ಸರಿ. ಮೇಲೆ ಕೆಳಗೆ ಆಡಿದರೆ ಮೊದಲು ಶಾಫ್ಟಿನ ಜಾಯಿಂಟ್ ನೋಡಿ. ಅದು ಗಟ್ಟಿ ಇದ್ದರೆ ಪಿನಿಯನ್ ಬೇರಿಂಗ್ ಸಡಿಲ ಆಗಿದೆ.

4. ಸೀಲುಗಳ ಸುತ್ತ ಒದ್ದೆ, ಮಣ್ಣು ಅಂಟಿದ ಜಿಡ್ಡು, ಸುತ್ತಿಕೊಂಡ ದಾರ ಇದೆಯಾ ನೋಡಿ. ಬ್ರೀದರ್ ಬಿಚ್ಚಿ ಸ್ವಚ್ಛ ಮಾಡಿ.

5. ಕೊನೆಗೆ ಫೋರ್ ವೀಲ್ ತೆಗೆದು ಸಮತಟ್ಟಾದ ಖಾಲಿ ರಸ್ತೆಯಲ್ಲಿ ಓಡಿಸಿ, ಒಂದು ಕ್ಷಣ ಕ್ಲಚ್ ಒತ್ತಿ ಕಿವಿಗೊಡಿ. ಫೋರ್ ವೀಲ್ ತೆಗೆದರೂ ಮುಂದಿನ ಚಕ್ರಗಳು ಒಳಗಿನ ಡಿಫರೆನ್ಷಿಯಲ್ಲನ್ನು ತಿರುಗಿಸುತ್ತಲೇ ಇರುತ್ತವೆ. ಇಂಜಿನ್ ಸದ್ದು ಇಳಿದ ಮೇಲೂ ಗುಂಯ್ ಅನ್ನುವ ಸದ್ದು ಚಕ್ರದ ವೇಗದ ಜೊತೆ ಏರಿಳಿದರೆ ತೊಂದರೆ ಇಂಜಿನ್ನಿನಲ್ಲಿ ಇಲ್ಲ. ಮುಂದುಗಡೆಯಿಂದ ಬರುತ್ತಿದ್ದರೆ ಡಿಫರೆನ್ಷಿಯಲ್ ಮೇಲೆ ಅನುಮಾನ ಪಡಿ. ಇಳಿಜಾರಿನಲ್ಲಿ ಮಾತ್ರ ಕ್ಲಚ್ ಒತ್ತಿ ಈ ಪರೀಕ್ಷೆ ಮಾಡಬೇಡಿ.

ಪುಸ್ತಕದಲ್ಲಿ ಕೊಟ್ಟಿರುವ ಆಯಿಲ್ ಬದಲಿಸುವ ಗಂಟೆಯ ಲೆಕ್ಕ ಮಾಮೂಲಿ ಕೆಲಸಕ್ಕೆ. ರೊಳ್ಳೆ ಹೊಡೆಯುವ ಗಾಡಿಗೆ ನಾಟಿ ಮುಗಿದ ಕೂಡಲೇ ಒಮ್ಮೆ ಪರೀಕ್ಷೆ ಮಾಡಿ, ಅನುಮಾನ ಇದ್ದರೆ ಬದಲಿಸಿಬಿಡಿ. ಗ್ರೇಡ್ ಮಾತ್ರ ಪುಸ್ತಕದಲ್ಲಿ ಇರುವುದೇ ಆಗಬೇಕು. ತೆಗೆದ ಆಯಿಲ್ಲನ್ನು ತೋಟದ ಮೂಲೆಗೆ, ಕಾಲುವೆಗೆ ಸುರಿಯಬೇಡಿ. ಕ್ಯಾನಿನಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಸಾವಯವ ಮಾಡೋರು ಅಂತಲ್ಲ, ಮಣ್ಣು ಇರೋ ಎಲ್ಲರೂ.

ಬಿಚ್ಚಿಸಬೇಕಾಗಿ ಬಂದರೆ

ಹಳೇ ಬೇರಿಂಗ್ ಕೇಳಿ ತಗೊಳ್ಳಿ. ಅದೇ ನಿಮ್ಮ ರಿಪೋರ್ಟು. ಗೆರೆ ಗೆರೆ ತುಕ್ಕು ಇದ್ದರೆ ನೀರು. ನೀಲಿ ಬಣ್ಣ ಬಂದಿದ್ದರೆ ಆಯಿಲ್ ಕಡಿಮೆ ಆಗಿಯೋ, ಬೇರಿಂಗ್ ಅತಿ ಬಿಗಿಯಾಗಿಯೋ ಸುಟ್ಟಿದೆ. ಚುಕ್ಕಿ ಚುಕ್ಕಿ ಗುಳಿ ಇದ್ದರೆ ಒಳಗೆ ಕಸ, ಮರಳು ಸೇರಿದೆ. ಕಾರಣ ಗೊತ್ತಾಗದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬೇರಿಂಗಿನ ಒಳಭಾಗ ಹೊಸದು, ಹೊರಗಿನ ರೇಸ್ ಹಳೇದು ಹಾಕಲು ಒಪ್ಪಬೇಡಿ. ಎರಡೂ ಜೊತೆಯಾಗಿಯೇ ಬದಲಾಗಬೇಕು, ಸೀಲ್ ಕೂಡ. ಪ್ರೀಲೋಡ್, ಅಂದ್ರೆ ಟೇಪರ್ ಬೇರಿಂಗನ್ನು ಎಷ್ಟು ಬಿಗಿಯಾಗಿ ಕೂರಿಸಬೇಕು ಅನ್ನೋದು, ಅಳತೆಯ ಕೆಲಸ. ಬಿಗಿ ಜಾಸ್ತಿ ಆದರೆ ಕಾದು ಸುಡುತ್ತದೆ, ಸಡಿಲ ಆದರೆ ಪಿನಿಯನ್ ಅಲ್ಲಾಡಿ ಹಲ್ಲು ತಪ್ಪು ಜಾಗದಲ್ಲಿ ಕಚ್ಚುತ್ತದೆ. "ಅಣ್ಣಾ, ಪ್ರೀಲೋಡ್ ಯಾವುದರಲ್ಲಿ ಅಳೀತೀರಿ?" ಅಂತ ಒಂದು ಮಾತು ಕೇಳಿ. ಬರೀ ಕೈ ಅಂದಾಜು ಅಂದ್ರೆ ಬೇರೆ ಕಡೆ ನೋಡಿ.

ಪಿಕಪ್, ಜೀಪ್ ಇದ್ದವರಿಗೆ

ಲಿವರ್ ಹಾಕಿ ತೆಗೆಯುವ ಫೋರ್ ವೀಲ್ ಗಾಡಿಗೂ ಇದೇ ನಿಯಮ, ಒಣ ಟಾರ್ ರೋಡಿನಲ್ಲಿ ಫೋರ್ ವೀಲ್ ಬೇಡ. ಸದಾ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆಲ್ ವೀಲ್ ಡ್ರೈವ್ ಗಾಡಿಗಳಲ್ಲಿ ಮಧ್ಯೆ ಇನ್ನೊಂದು ಡಿಫರೆನ್ಷಿಯಲ್ಲೋ ಕ್ಲಚ್ಚೋ ಇರುತ್ತದೆ, ಹಾಗಾಗಿ ರೋಡಿಗೆ ತೊಂದರೆ ಇಲ್ಲ. ಆದರೆ ಅವಕ್ಕೆ ನಾಲ್ಕೂ ಟೈರು ಒಂದೇ ಸೈಜು, ಹತ್ತಿರ ಹತ್ತಿರ ಒಂದೇ ಸವೆತ ಇರಬೇಕು. ಒಂದು ಟೈರು ಮಾತ್ರ ಹೊಸದು ಹಾಕಿ ವರ್ಷಗಟ್ಟಲೆ ಓಡಿಸಿದರೆ ಒಳಗಿನ ಭಾಗಗಳು ನೇರ ರಸ್ತೆಯಲ್ಲೂ ಪುರುಸೊತ್ತಿಲ್ಲದೆ ದುಡಿಯುತ್ತವೆ. ಹಳ್ಳ ದಾಟಿ ಬಂದ ಮೇಲೆ ಡಿಫರೆನ್ಷಿಯಲ್ ಆಯಿಲ್ ನೋಡೋದು ಇವಕ್ಕೂ ಕಡ್ಡಾಯ.

ಈಗ ನನ್ನ ಟ್ರ್ಯಾಕ್ಟರ್‌ನ ಫೋರ್ ವೀಲ್ ಲಿವರ್‌ಗೆ ಒಂದು ಕೆಂಪು ಬಟ್ಟೆ ಕಟ್ಟಿದ್ದೀನಿ. ಗದ್ದೆಯಿಂದ ರೋಡಿಗೆ ಹತ್ತುವಾಗ ಕಣ್ಣಿಗೆ ಬೀಳಲಿ ಅಂತ. ಓಡಿಸೋಕೆ ಬರುವ ಹುಡುಗನಿಗೂ ಅದನ್ನೇ ಹೇಳಿಕೊಟ್ಟಿದ್ದೀನಿ. ಕಳೆದ ನಾಟಿ ಮುಗಿದ ಮರುದಿನ ಬೆಳಿಗ್ಗೆ ಪ್ಲಗ್ ಸಡಿಲಿಸಿದಾಗ ನಾಲ್ಕು ಹನಿ ನೀರು ಬಂತು. ಬಲಗಡೆ ಸೀಲು ಸುತ್ತ ಪ್ಲಾಸ್ಟಿಕ್ ದಾರ ಸಿಕ್ಕಿಕೊಂಡಿತ್ತು. ಸೀಲು, ಆಯಿಲ್, ಕೂಲಿ ಎಲ್ಲಾ ಸೇರಿ 2,000 ರೂಪಾಯಿ ಒಳಗೇ ಮುಗೀತು.

ನಿಮ್ಮ ಗಾಡಿ ಇವತ್ತು ರಾತ್ರಿ ಶೆಡ್ಡಿನಲ್ಲಿ ನಿಲ್ಲುತ್ತೆ ಅಲ್ವಾ? ನಾಳೆ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಆ ಪ್ಲಗ್ ಒಮ್ಮೆ ಸಡಿಲಿಸಿ ನೋಡಿ.