ಸಾಧನಗಳಿಗೆ ತಾತ್ಕಾಲಿಕ ಜಾಲ ವಿಳಾಸ ದೊರೆಯುವ ವಿಧಾನ: ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನ, ಸಾಮಾಜಿಕ ಭದ್ರತಾ ಪಿಂಚಣಿ ಮುಂತಾದ ಅನೇಕ ಸೇವೆಗಳ ಅರ್ಜಿಗಳು ಇಂದು ಅಂತರ್ಜಾಲದ ಮೂಲಕ ಸಲ್ಲಿಕೆಯಾಗುತ್ತಿವೆ. ನಾಡಕಚೇರಿ, ಗ್ರಾಮ ಒನ್ ಕೇಂದ್ರ, ಖಾಸಗಿ ಸೈಬರ್ ಕೇಂದ್ರ ಅಥವಾ ಅರ್ಜಿದಾರರ ಸ್ವಂತ ಮೊಬೈಲ್ ದೂರವಾಣಿ, ಇವುಗಳಲ್ಲಿ ಯಾವುದನ್ನು ಬಳಸಿದರೂ ಸದರಿ ಸಾಧನಕ್ಕೆ ಮೊದಲು ಒಂದು ಜಾಲ ವಿಳಾಸ ದೊರೆಯಬೇಕು. ವಿಳಾಸ ದೊರೆಯದ ಸಾಧನದಿಂದ ಅರ್ಜಿಯ ಒಂದು ಅಕ್ಷರವೂ ಹೊರಗೆ ಹೋಗುವುದಿಲ್ಲ.

ಮಿಡಿಗೇಶಿ, ಬುಕ್ಕಾಪಟ್ಟಣ, ಹೊಳವನಹಳ್ಳಿ ಅಥವಾ ನಾಗಲಮಡಿಕೆ ಹೋಬಳಿಯ ಹಳ್ಳಿಯೊಂದರಿಂದ ಒಂದು ದಿನದ ಕೂಲಿಯನ್ನು ಬಿಟ್ಟು ಬಂದ ಅರ್ಜಿದಾರರಿಗೆ "ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ" ಎಂಬ ಉತ್ತರ ದೊರೆತಲ್ಲಿ ಆಗುವ ನಷ್ಟ ಸಣ್ಣದಲ್ಲ. ಅಂದು ಅರ್ಜಿ ಸಲ್ಲಿಸುವ ಕೊನೆಯ ದಿನವಾಗಿದ್ದಲ್ಲಿ ಒಂದು ವರ್ಷದ ವಿದ್ಯಾರ್ಥಿವೇತನವೇ ಕೈತಪ್ಪಬಹುದು. ಆದರೆ "ನೆಟ್‌ವರ್ಕ್ ಇಲ್ಲ" ಎಂಬ ಒಂದೇ ಮಾತಿನ ಹಿಂದೆ ಹಲವು ಬೇರೆ ಬೇರೆ ಕಾರಣಗಳಿರುತ್ತವೆ. ಅವುಗಳ ಪೈಕಿ ಸಾಧನಕ್ಕೆ ವಿಳಾಸ ದೊರೆಯದಿರುವುದು ಒಂದು. ಇದನ್ನು ಬಹುಪಾಲು ಸಂದರ್ಭಗಳಲ್ಲಿ ಸ್ಥಳದಲ್ಲಿಯೇ, ಕೆಲವೇ ನಿಮಿಷಗಳಲ್ಲಿ ಸರಿಪಡಿಸಬಹುದು. ಈ ವ್ಯತ್ಯಾಸವನ್ನು ಸಾರ್ವಜನಿಕರು ತಾವೇ ಗುರುತಿಸುವಂತಾಗಲಿ ಎಂಬ ಉದ್ದೇಶದಿಂದ ಈ ಮಾಹಿತಿಯನ್ನು ನೀಡಲಾಗಿದೆ.

2. ಜಾಲ ವಿಳಾಸ ಎಂದರೇನು?

ಅಂಚೆಯ ಕಾಗದವು ಮನೆಗೆ ತಲುಪಲು ಊರು, ಅಂಚೆ ಕಚೇರಿ ಮತ್ತು ಪಿನ್ ಸಂಖ್ಯೆ ಬೇಕಾಗುವಂತೆ, ಅಂತರ್ಜಾಲದ ಮಾಹಿತಿಯು ಒಂದು ಗಣಕಯಂತ್ರಕ್ಕೆ ತಲುಪಲು ಆ ಯಂತ್ರಕ್ಕೊಂದು ಸಂಖ್ಯಾರೂಪದ ವಿಳಾಸ ಬೇಕು. ಇದನ್ನು ಐ.ಪಿ. ವಿಳಾಸ ಎನ್ನುತ್ತಾರೆ. ಬಹುಕಾಲದಿಂದ ಬಳಕೆಯಲ್ಲಿರುವ 4ನೇ ಆವೃತ್ತಿಯ ವಿಳಾಸವು 192.168.1.25 ಎಂಬಂತೆ ಚುಕ್ಕೆಗಳಿಂದ ಬೇರ್ಪಟ್ಟ ನಾಲ್ಕು ಸಂಖ್ಯೆಗಳ ರೂಪದಲ್ಲಿರುತ್ತದೆ. ಪ್ರತಿ ಸಂಖ್ಯೆಯೂ 0 ರಿಂದ 255 ರ ಒಳಗಿರುತ್ತದೆ.

ಮೊದಲಿಗೆ ಈ ವಿಳಾಸಗಳನ್ನು ಪ್ರತಿ ಯಂತ್ರದಲ್ಲಿಯೂ ಕೈಯಿಂದಲೇ ನಮೂದಿಸಬೇಕಾಗಿತ್ತು. ಒಂದೇ ವಿಳಾಸವನ್ನು ತಪ್ಪಾಗಿ ಎರಡು ಯಂತ್ರಗಳಿಗೆ ಬರೆದಲ್ಲಿ ಎರಡರ ಕೆಲಸಕ್ಕೂ ಅಡಚಣೆಯಾಗುತ್ತಿತ್ತು. ಈ ತೊಂದರೆಯ ನಿವಾರಣೆಗಾಗಿ 1985 ರಲ್ಲಿ ಬೂಟ್‌ಪಿ ಎಂಬ ವಿಧಾನವೂ, ಅದರ ಮುಂದುವರಿಕೆಯಾಗಿ 1993 ರಲ್ಲಿ ಡಿ.ಎಚ್.ಸಿ.ಪಿ. ಎಂಬ ವಿಧಾನವೂ ಪ್ರಕಟಗೊಂಡವು. ಡಿ.ಎಚ್.ಸಿ.ಪಿ.ಯ ಪರಿಷ್ಕೃತ ನಿಯಮಾವಳಿಯು 1997 ರ ಮಾರ್ಚ್‌ನಲ್ಲಿ ಹೊರಬಂದಿತು. ಇಂದು ಮನೆ, ಅಂಗಡಿ ಮತ್ತು ಕಚೇರಿಗಳ ವೈ-ಫೈ ಜಾಲಗಳು ಸಾಮಾನ್ಯವಾಗಿ ಇದೇ ನಿಯಮದಂತೆ ಕೆಲಸ ಮಾಡುತ್ತವೆ.

3. ವಿಳಾಸ ದೊರೆಯುವ ನಾಲ್ಕು ಹಂತಗಳು

ಸಾಧನವನ್ನು ಜಾಲಕ್ಕೆ ಜೋಡಿಸಿದ ಕೂಡಲೇ ಬಳಕೆದಾರರ ಅರಿವಿಗೆ ಬಾರದಂತೆ ಕೆಳಕಂಡ ನಾಲ್ಕು ಹಂತಗಳು ನಡೆಯುತ್ತವೆ.

(ಅ) ವಿಚಾರಣೆ: ತನಗೆ ಯಾವ ವಿಳಾಸವೂ ಇಲ್ಲದ ಕಾರಣ ಸಾಧನವು ಜಾಲದಲ್ಲಿರುವ ಎಲ್ಲರಿಗೂ ಕೇಳಿಸುವಂತೆ "ವಿಳಾಸ ನೀಡುವವರು ಯಾರಾದರೂ ಇದ್ದೀರಾ?" ಎಂದು ಕೇಳುತ್ತದೆ.

(ಆ) ಪ್ರಸ್ತಾವ: ವಿಳಾಸ ವಿತರಿಸುವ ಸರ್ವರ್ ತನ್ನ ಬಳಿಯಲ್ಲಿ ಖಾಲಿ ಇರುವ ಒಂದು ವಿಳಾಸವನ್ನು ಸೂಚಿಸುತ್ತದೆ. ಚಿಕ್ಕ ಕೇಂದ್ರಗಳಲ್ಲಿ ಗೋಡೆಗೆ ತೂಗುಹಾಕಿರುವ ವೈ-ಫೈ ರೂಟರ್ ಈ ಕೆಲಸವನ್ನೂ ನಿರ್ವಹಿಸುತ್ತದೆ.

(ಇ) ಕೋರಿಕೆ: ಸದರಿ ವಿಳಾಸವನ್ನೇ ತನಗೆ ನೀಡಬೇಕೆಂದು ಸಾಧನವು ಕೋರುತ್ತದೆ.

(ಈ) ಮಂಜೂರಾತಿ: ಸರ್ವರ್ ವಿಳಾಸವನ್ನು ತನ್ನ ವಹಿಯಲ್ಲಿ ದಾಖಲಿಸಿಕೊಂಡು ಮಂಜೂರು ಮಾಡುತ್ತದೆ. ಇದರೊಂದಿಗೆ ಹೊರಜಾಲಕ್ಕೆ ಹೋಗುವ ದಾರಿ, ಜಾಲತಾಣಗಳ ಹೆಸರನ್ನು ಸಂಖ್ಯೆಗೆ ಬದಲಿಸಿಕೊಡುವ ಸರ್ವರ್‌ನ ವಿಳಾಸ ಹಾಗೂ ಮಂಜೂರಾತಿಯ ಅವಧಿಯನ್ನೂ ತಿಳಿಸುತ್ತದೆ.

ಎಲ್ಲವೂ ಸರಿಯಾಗಿದ್ದಲ್ಲಿ ಈ ನಾಲ್ಕೂ ಹಂತಗಳು ಸಾಮಾನ್ಯವಾಗಿ ಕ್ಷಣಮಾತ್ರದಲ್ಲಿ ಮುಗಿಯುತ್ತವೆ. ಸಿಮ್ ಕಾರ್ಡ್ ಮೂಲಕ ಅಂತರ್ಜಾಲ ಬಳಸುವಾಗ ವಿಳಾಸವನ್ನು ದೂರವಾಣಿ ಸಂಸ್ಥೆಯ ಜಾಲವು ಬೇರೊಂದು ವಿಧಾನದಿಂದ ನೀಡುತ್ತದೆ. ಆದರೆ ಅದೂ ಸಾಮಾನ್ಯವಾಗಿ ತಾತ್ಕಾಲಿಕ ವಿಳಾಸವೇ ಆಗಿರುತ್ತದೆ.

4. ಗುತ್ತಿಗೆಯ ಅವಧಿ ಮತ್ತು ನವೀಕರಣ

ಹೀಗೆ ದೊರೆತ ವಿಳಾಸವು ಸಾಧನದ ಸ್ವತ್ತಲ್ಲ. ಅದು ಗುತ್ತಿಗೆ ಮಾತ್ರ. ಪಾವಗಡ ತಾಲ್ಲೂಕಿನವರಿಗೆ ಇದು ಸುಲಭವಾಗಿ ಅರ್ಥವಾಗುವ ವಿಷಯ. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು ಮತ್ತು ರಾಯಚೆರ್ಲು ಗ್ರಾಮಗಳ ವ್ಯಾಪ್ತಿಯ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಇದೆ. ಇದಕ್ಕಾಗಿ ರೈತರ ಜಮೀನನ್ನು ಕ್ರಯಕ್ಕೆ ಪಡೆಯದೆ, ಎಕರೆಗೆ ವಾರ್ಷಿಕ 21,000 ರೂಪಾಯಿಗಳ ಆರಂಭಿಕ ದರದಲ್ಲಿ 28 ವರ್ಷಗಳ ಗುತ್ತಿಗೆಗೆ ಪಡೆಯಲಾಯಿತು. ಫಲಕಗಳು ನಿಂತಿರುವ ನೆಲದ ಒಡೆತನ ರೈತರದಾಗಿಯೇ ಉಳಿದಿದೆ. ಅದೇ ರೀತಿ ವಿಳಾಸದ ಒಡೆತನವು ಜಾಲದ್ದು. ಸಾಧನಕ್ಕೆ ಇರುವುದು ಅವಧಿಯವರೆಗಿನ ಬಳಕೆಯ ಹಕ್ಕು ಮಾತ್ರ.

ವ್ಯತ್ಯಾಸವಿರುವುದು ಅವಧಿಯಲ್ಲಿ. ಜಾಲ ವಿಳಾಸದ ಗುತ್ತಿಗೆಯು ಒಂದು ಗಂಟೆ, ಒಂದು ದಿನ ಅಥವಾ ಜಾಲದ ನಿರ್ವಾಹಕರು ನಿಗದಿಪಡಿಸಿದಷ್ಟು ಕಾಲ ಇರುತ್ತದೆ. ಅವಧಿಯ ಅರ್ಧ ಭಾಗ ಕಳೆದಾಗ ಸಾಧನವು ತಾನಾಗಿಯೇ ನವೀಕರಣವನ್ನು ಕೋರುತ್ತದೆ. ಉದಾಹರಣೆಗೆ, 24 ಗಂಟೆಗಳ ಗುತ್ತಿಗೆಯಲ್ಲಿ 12ನೇ ಗಂಟೆಗೆ ಮೊದಲ ಕೋರಿಕೆ ಹೋಗುತ್ತದೆ. ಉತ್ತರ ಬಾರದಿದ್ದಲ್ಲಿ 21ನೇ ಗಂಟೆಯಿಂದ ಜಾಲದ ಯಾವುದೇ ಸರ್ವರ್‌ನ್ನು ಕೇಳತೊಡಗುತ್ತದೆ. ಅವಧಿ ಪೂರ್ಣಗೊಂಡರೂ ನವೀಕರಣವಾಗದಿದ್ದಲ್ಲಿ ಸಾಧನವು ಆ ವಿಳಾಸದ ಬಳಕೆಯನ್ನು ನಿಲ್ಲಿಸಬೇಕು. ಇದಕ್ಕೆ ಅರ್ಜಿದಾರರು ಯಾವ ಶುಲ್ಕವನ್ನೂ ಪಾವತಿಸಬೇಕಾಗಿಲ್ಲ.

5. ಶಾಶ್ವತ ವಿಳಾಸವನ್ನು ಏಕೆ ನೀಡುವುದಿಲ್ಲ?

4ನೇ ಆವೃತ್ತಿಯ ವಿಳಾಸಗಳ ಒಟ್ಟು ಸಂಖ್ಯೆ 4,29,49,67,296, ಅಂದರೆ ಸುಮಾರು 429 ಕೋಟಿ. ಜಗತ್ತಿನ ಎಲ್ಲ ಗಣಕಯಂತ್ರ, ದೂರವಾಣಿ ಮತ್ತು ಉಪಕರಣಗಳಿಗೆ ಇದು ಸಾಲದು. ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳನ್ನು 2011 ರ ಫೆಬ್ರವರಿಯಲ್ಲಿಯೇ ಹಂಚಲಾಯಿತು. ಆದ್ದರಿಂದ 192.168 ಅಥವಾ 10 ರಿಂದ ಆರಂಭವಾಗುವ ಕೆಲವು ವಿಳಾಸಗಳನ್ನು ಒಳಜಾಲಗಳ ಬಳಕೆಗೆಂದು ಮೀಸಲಿಡಲಾಗಿದ್ದು, ಅವುಗಳನ್ನು ಬೇರೆ ಬೇರೆ ಕಟ್ಟಡಗಳಲ್ಲಿ ಪುನಃ ಪುನಃ ಬಳಸಬಹುದು. ಶಿರಾದ ಒಂದು ಅಂಗಡಿಯಲ್ಲಿಯೂ ಕೊರಟಗೆರೆಯ ಒಂದು ಮನೆಯಲ್ಲಿಯೂ ಏಕಕಾಲದಲ್ಲಿ 192.168.1.25 ಎಂಬ ವಿಳಾಸವಿದ್ದರೆ ಯಾವ ಬಾಧಕವೂ ಇಲ್ಲ. ಎರಡು ಊರುಗಳಲ್ಲಿ ಒಂದೇ ಸಂಖ್ಯೆಯ ಮನೆ ಇದ್ದಂತೆ. ಹೊಸ 6ನೇ ಆವೃತ್ತಿಯಲ್ಲಿ ವಿಳಾಸಗಳ ಕೊರತೆ ಇಲ್ಲವಾದರೂ ಅಲ್ಲಿಯೂ ಸಾಧನಗಳ ವಿಳಾಸ ಆಗಾಗ್ಗೆ ಬದಲಾಗಬಹುದು.

6. ವಿಳಾಸ ದೊರೆಯದಿರುವುದಕ್ಕೆ ಸಾಮಾನ್ಯ ಕಾರಣಗಳು

(ಅ) ವಿಳಾಸಗಳು ಮುಗಿದಿರುವುದು: ಒಂದು ಕೇಂದ್ರದ ರೂಟರ್‌ನಲ್ಲಿ 50 ವಿಳಾಸಗಳನ್ನು ಮಾತ್ರ 24 ಗಂಟೆಗಳ ಗುತ್ತಿಗೆಯ ಮೇಲೆ ಇರಿಸಲಾಗಿದೆ ಎಂದು ಭಾವಿಸೋಣ. ಕೊನೆಯ ದಿನಾಂಕದಂದು ಬೆಳಿಗ್ಗೆ ಬಂದ 50 ಜನರ ದೂರವಾಣಿಗಳು ವೈ-ಫೈ ಬಳಸಿ ಹೊರಟುಹೋದರೂ ಅವುಗಳ ಗುತ್ತಿಗೆ ಮರುದಿನದವರೆಗೆ ಉಳಿದಿರುತ್ತದೆ. ಮಧ್ಯಾಹ್ನ ಬಂದ 51ನೆಯವರ ಸಾಧನಕ್ಕೆ, ಕೊಠಡಿ ಖಾಲಿ ಇದ್ದರೂ, ವಿಳಾಸ ದೊರೆಯುವುದಿಲ್ಲ. ಜನಸಂದಣಿ ಇರುವ ಕೇಂದ್ರಗಳ ನಿರ್ವಾಹಕರು ಗುತ್ತಿಗೆಯ ಅವಧಿಯನ್ನು ಒಂದು ಅಥವಾ ಎರಡು ಗಂಟೆಗೆ ಇಳಿಸುವುದು ಇದಕ್ಕೆ ಪರಿಹಾರ.

(ಆ) ವಿದ್ಯುತ್ ಕಡಿತ: ವಿದ್ಯುತ್ ಹೋಗಿ ಬಂದಾಗ ಕೆಲವು ರೂಟರ್‌ಗಳು ಹಳೆಯ ಗುತ್ತಿಗೆಗಳ ವಹಿಯನ್ನು ಕಳೆದುಕೊಳ್ಳುತ್ತವೆ. ಆಗ ಒಂದೇ ವಿಳಾಸವು ಎರಡು ಸಾಧನಗಳಿಗೆ ದೊರೆಯುವ ಸಂಭವವಿದ್ದು, ಸಂಪರ್ಕವು ಬಂದು ಹೋಗುತ್ತಿರುತ್ತದೆ.

(ಇ) ಎರಡು ರೂಟರ್‌ಗಳು: ಒಂದೇ ಜಾಲಕ್ಕೆ ಮತ್ತೊಂದು ರೂಟರ್‌ನ್ನು ತಪ್ಪಾಗಿ ಜೋಡಿಸಿದಲ್ಲಿ ಎರಡೂ ವಿಳಾಸ ವಿತರಿಸತೊಡಗಿ ಕೆಲವು ಸಾಧನಗಳಿಗೆ ದಾರಿ ತಪ್ಪುತ್ತದೆ.

7. ಗುರುತಿಸುವ ಮತ್ತು ಸರಿಪಡಿಸುವ ಬಗೆ

ಗಣಕಯಂತ್ರದ ಜಾಲ ವಿವರಗಳಲ್ಲಿ ವಿಳಾಸವು 169.254 ರಿಂದ ಆರಂಭವಾಗಿದ್ದಲ್ಲಿ, ಸರ್ವರ್‌ನಿಂದ ಉತ್ತರ ಬಾರದೆ ಯಂತ್ರವು ತನಗೆ ತಾನೇ ಒಂದು ವಿಳಾಸವನ್ನು ಇಟ್ಟುಕೊಂಡಿದೆ ಎಂದು ತಿಳಿಯಬೇಕು. ಮೊಬೈಲ್‌ನಲ್ಲಿ ಐ.ಪಿ. ವಿಳಾಸವನ್ನು ಪಡೆಯಲಾಗುತ್ತಿದೆ ಎಂಬ ಸೂಚನೆಯು ಬಹಳ ಹೊತ್ತು ನಿಂತಿರುವುದೂ ಇದೇ ಲಕ್ಷಣ. ಇಂತಹ ಸಂದರ್ಭದಲ್ಲಿ ತೊಂದರೆ ಇರುವುದು ಬೆಂಗಳೂರಿನ ಸರ್ವರ್‌ನಲ್ಲಿ ಅಲ್ಲ, ಅದೇ ಕೊಠಡಿಯಲ್ಲಿ. ಆಗ ಕೆಳಕಂಡ ಕ್ರಮಗಳನ್ನು ಅನುಕ್ರಮವಾಗಿ ಅನುಸರಿಸುವುದು:

(ಅ) ಸಾಧನದ ವೈ-ಫೈಯನ್ನು ನಿಲ್ಲಿಸಿ, ಅರ್ಧ ನಿಮಿಷದ ನಂತರ ಪುನಃ ಆರಂಭಿಸುವುದು.
(ಆ) ಸದರಿ ಜಾಲವನ್ನು ಸಾಧನದ ಪಟ್ಟಿಯಿಂದ ತೆಗೆದುಹಾಕಿ, ಗುಪ್ತಪದ ನೀಡಿ ಹೊಸದಾಗಿ ಜೋಡಿಸುವುದು.
(ಇ) ಕೇಬಲ್ ಮೂಲಕ ಜೋಡಿಸಿದ್ದಲ್ಲಿ ಅದರ ಎರಡೂ ತುದಿಗಳನ್ನು ಪರಿಶೀಲಿಸುವುದು.
(ಈ) ಕೇಂದ್ರದ ನಿರ್ವಾಹಕರು ರೂಟರ್‌ನ್ನು ಒಂದು ನಿಮಿಷ ನಿಲ್ಲಿಸಿ ಪುನಃ ಚಾಲನೆಗೊಳಿಸುವುದು. ಇದಕ್ಕೆ ಮೊದಲು, ಅರ್ಜಿ ತುಂಬುತ್ತಿರುವ ಇತರರಿಗೆ ಅದನ್ನು ಉಳಿಸಿಕೊಳ್ಳಲು ತಿಳಿಸತಕ್ಕದ್ದು.
(ಉ) ಆದಾಗ್ಯೂ ವಿಳಾಸ ದೊರೆಯದಿದ್ದಲ್ಲಿ ಮೊಬೈಲ್ ಡೇಟಾ ಬಳಸಿ ಅರ್ಜಿ ಸಲ್ಲಿಸುವುದು.

ವಿಳಾಸವು ಸರಿಯಾಗಿದ್ದು, ಬೇರೆ ಜಾಲತಾಣಗಳು ತೆರೆಯುತ್ತಿದ್ದು, ಸೇವೆಯ ಜಾಲತಾಣ ಮಾತ್ರ ತೆರೆಯದಿದ್ದಲ್ಲಿ ತೊಂದರೆಯು ಬಹುತೇಕ ಆ ಜಾಲತಾಣದ ಕಡೆಗಿರುತ್ತದೆ. ಆಗ ಮಾತ್ರ ಕಾಯುವುದು ಸೂಕ್ತ. ಅಂತಹ ಸಂದರ್ಭದಲ್ಲಿ ಪರದೆಯ ಚಿತ್ರವನ್ನು ದಿನಾಂಕ ಮತ್ತು ಸಮಯ ಕಾಣುವಂತೆ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು.

8. ವಿಳಾಸ ಬದಲಾದರೆ ಅರ್ಜಿಯ ಗತಿಯೇನು?

ಅರ್ಜಿಯು ಸಾಧನದ ಜಾಲ ವಿಳಾಸಕ್ಕೆ ಅಂಟಿಕೊಂಡಿರುವುದಿಲ್ಲ. ಬೆಳಿಗ್ಗೆ ಮಧುಗಿರಿಯಲ್ಲಿ ಒಂದು ವಿಳಾಸದಿಂದ ಸಲ್ಲಿಸಿದ ಅರ್ಜಿಯ ಸ್ಥಿತಿಯನ್ನು ಸಂಜೆ ಊರಿನಲ್ಲಿ ಬೇರೊಂದು ವಿಳಾಸದಿಂದ ನೋಡಬಹುದು. ಆದರೆ ಅರ್ಜಿ ತುಂಬುತ್ತಿರುವಾಗ ವೈ-ಫೈಯಿಂದ ಮೊಬೈಲ್ ಡೇಟಾಕ್ಕೆ ಬದಲಾದಲ್ಲಿ ಕೆಲವು ಜಾಲತಾಣಗಳು ಸುರಕ್ಷತೆಯ ದೃಷ್ಟಿಯಿಂದ ಪುನಃ ಪ್ರವೇಶಿಸಲು ಕೇಳಬಹುದು. ಆದ್ದರಿಂದ ಪ್ರತಿ ಪುಟವನ್ನು ಉಳಿಸುತ್ತಾ ಮುಂದುವರಿಯುವುದು.

ಅರ್ಜಿದಾರರ ಹಕ್ಕನ್ನು ಕಾಯುವುದು ಸ್ವೀಕೃತಿ ಸಂಖ್ಯೆ. 2012 ರಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಡಿ ಬರುವ ಸೇವೆಗಳಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆಯನ್ನು ನೀಡಲಾಗುತ್ತದೆ. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ಮೇಲ್ಮನವಿ ಸಲ್ಲಿಸಲು ಹಾಗೂ ನಿಯಮಾನುಸಾರ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚ ಕೋರಲು ಈ ಸಂಖ್ಯೆಯೇ ಆಧಾರ. ಅರ್ಜಿಯ ಕೊನೆಯ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಸಂಪರ್ಕ ತಪ್ಪಿದ್ದರೆ, ಅರ್ಜಿ ತಲುಪಿದೆ ಎಂದು ಭಾವಿಸಿ ಮನೆಗೆ ತೆರಳಬಾರದು. ಸಂಪರ್ಕ ಮರಳಿದ ನಂತರ ಅರ್ಜಿಯ ಸ್ಥಿತಿಯನ್ನು ಪರಿಶೀಲಿಸಿ, ಸಂಖ್ಯೆ ದೊರೆತ ಮೇಲೆಯೇ ಕೇಂದ್ರದಿಂದ ಹೊರಡುವುದು. ಶುಲ್ಕ ಕಡಿತವಾಗಿದ್ದಲ್ಲಿ, ಸ್ಥಿತಿಯನ್ನು ನೋಡದೆ ಎರಡನೇ ಬಾರಿ ಪಾವತಿಸಬಾರದು.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನನ್ನ ಐ.ಪಿ. ವಿಳಾಸದ ಅವಧಿ ಮುಗಿದಿದೆ, ಹಣ ಪಾವತಿಸಿ ಎಂದು ದೂರವಾಣಿ ಕರೆ ಬಂದಿದೆ. ಏನು ಮಾಡಬೇಕು?
ಉತ್ತರ: ಇದು ವಂಚನೆ. ಗುತ್ತಿಗೆಯ ನವೀಕರಣವು ತಾನಾಗಿಯೇ, ಉಚಿತವಾಗಿ ನಡೆಯುತ್ತದೆ. ಒ.ಟಿ.ಪಿ.ಯನ್ನು ಯಾರಿಗೂ ತಿಳಿಸಬಾರದು. ಹಣ ಕಳೆದುಕೊಂಡಿದ್ದಲ್ಲಿ ಕೂಡಲೇ 1930 ಸಹಾಯವಾಣಿಗೆ ಕರೆ ಮಾಡುವುದು.

ಪ್ರಶ್ನೆ: ಸೈಬರ್ ಕೇಂದ್ರದಲ್ಲಿ ಗುರುತಿನ ಚೀಟಿಯನ್ನು ಏಕೆ ಕೇಳುತ್ತಾರೆ?
ಉತ್ತರ: ಒಂದೇ ವಿಳಾಸವನ್ನು ದಿನದಲ್ಲಿ ಹಲವರು ಬಳಸುವುದರಿಂದ, ವಿಳಾಸ ಮಾತ್ರದಿಂದ ವ್ಯಕ್ತಿಯನ್ನು ಗುರುತಿಸಲಾಗದು. ಆದ್ದರಿಂದ 2011 ರ ಸೈಬರ್ ಕೆಫೆ ನಿಯಮಗಳಂತೆ ಬಳಕೆದಾರರ ಗುರುತನ್ನು ಪರಿಶೀಲಿಸಿ, ದಾಖಲೆಯನ್ನು ಕನಿಷ್ಠ ಒಂದು ವರ್ಷ ಇಡಬೇಕಾಗಿದೆ. ನಿಮ್ಮ ಹೆಸರಿನ ಸಮಯವನ್ನು ಬೇರೆಯವರು ಬಳಸದಂತೆ, ಕೆಲಸ ಮುಗಿದ ಕೂಡಲೇ ಖಾತೆಯಿಂದ ನಿರ್ಗಮಿಸುವುದು.

ಪ್ರಶ್ನೆ: ಗುಪ್ತಪದವಿಲ್ಲದ ಅಪರಿಚಿತ ವೈ-ಫೈ ಬಳಸಬಹುದೇ?
ಉತ್ತರ: ಅರ್ಜಿ ಮತ್ತು ಹಣ ಪಾವತಿಗೆ ಬಳಸದಿರುವುದು ಕ್ಷೇಮ. ವಿಳಾಸ ನೀಡುವವರೇ ದಾರಿಯನ್ನೂ ತೋರಿಸುವುದರಿಂದ, ದುರುದ್ದೇಶದವರು ನಕಲಿ ಜಾಲತಾಣಕ್ಕೆ ಕಳುಹಿಸುವ ಸಾಧ್ಯತೆ ಇದೆ. ಸುರಕ್ಷತೆಯ ಎಚ್ಚರಿಕೆ ಕಂಡುಬಂದಲ್ಲಿ ಮುಂದುವರಿಯಬಾರದು.

10. ಕೋರಿಕೆ

ಸಾರ್ವಜನಿಕರು ಕೊನೆಯ ದಿನಾಂಕದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸಬೇಕೆಂದು ಹಾಗೂ "ನೆಟ್‌ವರ್ಕ್ ಇಲ್ಲ" ಎಂದು ತಿಳಿಸಿದಲ್ಲಿ "ಯಂತ್ರಕ್ಕೆ ವಿಳಾಸ ದೊರೆತಿದೆಯೇ, ದಯವಿಟ್ಟು ನೋಡಿ" ಎಂದು ವಿನಯದಿಂದ ಕೇಳಬೇಕೆಂದು ಕೋರಲಾಗಿದೆ. ಕೇಂದ್ರಗಳ ನಿರ್ವಾಹಕರೂ ಅರ್ಜಿದಾರರನ್ನು ಹಿಂದಿರುಗಿಸುವ ಮೊದಲು 7ನೇ ಕಂಡಿಕೆಯಲ್ಲಿನ ಕ್ರಮಗಳನ್ನು ಅನುಸರಿಸಿ ಸಹಕರಿಸಬೇಕೆಂದು ವಿನಂತಿಸಲಾಗಿದೆ.