ಹೊಗಳಲು ಹೋಗಿ ಬೈದುಬಿಟ್ಟೆ!

ಮೂರು ವರ್ಷದ ಹಿಂದಿನ ಮಾತು. ಟೀಮಿನ ಜೂನಿಯರ್ ಒಬ್ಬಳನ್ನು ಹೊಗಳಿ ಎಲ್ಲರಿಗೂ ಮೇಲ್ ಕಳಿಸಿದ್ದೆ. ‘ಗುಡ್’, ‘ಗ್ರೇಟ್’ ಅಂದರೆ ಸಪ್ಪೆ ಅನ್ನಿಸಿ, ಅವಳ ಕೆಲಸವನ್ನು ‘ಎಗ್ರೀಜಿಯಸ್’ ಅಂತ ಬರೆದೆ. ಯಲಹಂಕದಿಂದ ನಾಗವಾರದ ಆಫೀಸಿಗೆ ಹೋಗುವಾಗ, ಹೆಬ್ಬಾಳ ಫ್ಲೈಓವರ್ ಹತ್ತಿರ ನಿಂತೇ ಇರುವ ಬಸ್ಸಿನಲ್ಲಿ ದಿನಕ್ಕೆ ಇಪ್ಪತ್ತು ಇಂಗ್ಲಿಷ್ ಪದ ಬಾಯಿಪಾಠ ಮಾಡುತ್ತಿದ್ದ ಕಾಲ ಅದು. ನನ್ನ ಪಟ್ಟಿಯಲ್ಲಿ ಆ ಪದದ ಎದುರು ಇದ್ದದ್ದು ಒಂದೇ ಅರ್ಥ: ಎದ್ದು ಕಾಣುವ.

ಅರ್ಧ ಗಂಟೆಯಲ್ಲಿ ಅವಳು ನನ್ನ ಡೆಸ್ಕಿಗೆ ಬಂದಳು. ಕಣ್ಣು ಕೆಂಪಾಗಿತ್ತು. “ಅಷ್ಟು ಕೆಟ್ಟದಾಗಿ ಮಾಡಿದ್ನಾ ಸರ್?” ಅಂದಳು. ಆಗ ನಿಘಂಟು ನೋಡಿದೆ. ಎದ್ದು ಕಾಣುವ ಹೌದು, ಆದರೆ ಎದ್ದು ಕಾಣುವಷ್ಟು ಕೆಟ್ಟ! ತಪ್ಪು, ಅನ್ಯಾಯ, ಉಲ್ಲಂಘನೆ ಇಂಥವುಗಳ ಜೊತೆ ಬರುವ ಪದ ಅದು. ಎಲ್ಲರಿಗೂ ಇನ್ನೊಂದು ಮೇಲ್ ಕಳಿಸಿ ಕ್ಷಮೆ ಕೇಳಿದೆ.

ಹತ್ತನೇ ಕ್ಲಾಸಿನವರೆಗೆ ನಾನು ಕನ್ನಡ ಮೀಡಿಯಂ. ದೊಡ್ಡ ಪದ ಬಳಸಿದರೆ ಅದು ಯಾರಿಗೂ ಗೊತ್ತಾಗಲ್ಲ ಅಂದುಕೊಂಡಿದ್ದೆ. ನಿಮ್ಮಲ್ಲೂ ಕೆಲವರಿಗೆ ಈ ಅಳುಕು ಇರಬಹುದು.

ಆ ರಾತ್ರಿ ಪದದ ಮೂಲ ಹುಡುಕಿದೆ. ಲ್ಯಾಟಿನ್‌ನಲ್ಲಿ ‘ಗ್ರೆಕ್ಸ್’ ಅಂದರೆ ಹಿಂಡು. ಹಿಂಡಿನಿಂದ ಹೊರಗೆ ನಿಂತದ್ದು ಎಗ್ರೀಜಿಯಸ್. ಮೊದಲು ಇಂಗ್ಲಿಷಿನಲ್ಲೂ ಅದು ಹೊಗಳಿಕೆಯೇ. ಬಹುಶಃ ವ್ಯಂಗ್ಯವಾಗಿ ಬಳಸಿ ಬಳಸಿ ಅರ್ಥ ತಿರುಗಿತು. ನಾವು ‘ಎಂಥ ಮಹಾನುಭಾವ ಮಾರಾಯ’ ಅಂತ ಬೈಯೋದಿಲ್ವಾ, ಹಾಗೆ. ಹಿಂಡಿಗೆ ಸೇರಿಸಿದರೆ ಅಗ್ರಿಗೇಟ್, ಅಂದರೆ ನಮ್ಮ ಇಂಜಿನಿಯರಿಂಗ್ ಮಾರ್ಕ್ಸ್. ಹಿಂಡಿನಿಂದ ಬೇರೆ ಮಾಡಿದರೆ ಸೆಗ್ರಿಗೇಟ್, ಅಂದರೆ ನಮ್ಮ ಹಸಿ ಕಸ, ಒಣ ಕಸ. ಒಂದು ಬೇರು ಹಿಡಿದರೆ ಮೂರು ಪದ ಮರೆಯೋದೇ ಇಲ್ಲ!

ಬೇರು ಗೊತ್ತಾದರೂ ಬಳಕೆ ಗೊತ್ತಾಗಬೇಕು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನೋಡಿ. ಅಲ್ಲಿ ಪದದ ಜೊತೆ ಬರೀ ಅರ್ಥವಲ್ಲ, ಹಳೆಯ ಕೃತಿಗಳಲ್ಲಿ ಅದನ್ನು ಬಳಸಿದ ಸಾಲುಗಳೂ ಇವೆ. ಅದರ ಪ್ರಧಾನ ಸಂಪಾದಕರಾಗಿ ದುಡಿದ, 2021ರಲ್ಲಿ 107ನೇ ವಯಸ್ಸಿನಲ್ಲಿ ನಮ್ಮನ್ನಗಲಿದ ಜಿ. ವೆಂಕಟಸುಬ್ಬಯ್ಯನವರು ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಗಳ ಅನುಮಾನ ಬಿಡಿಸುತ್ತಿದ್ದರು. ಇಂಗ್ಲಿಷ್ ಕಲಿಯೋದಕ್ಕೂ ಇದೇ ದಾರಿ ಅನ್ನಿಸಿತು.

ಈಗ ನನ್ನ ಲೆಕ್ಕ ವಾರಕ್ಕೆ ಐದೇ ಪದ, ಅದೂ ಕೆಲಸದಲ್ಲಿ ಎದುರಾದದ್ದು. ಫೋನಿನ ನೋಟ್ಸ್‌ನಲ್ಲಿ ಮೂರು ವಿಷಯ ಬರೆದುಕೊಳ್ಳುತ್ತೇನೆ: ಪದ, ಅದು ಸಿಕ್ಕ ಪೂರ್ತಿ ವಾಕ್ಯ, ಕನ್ನಡದಲ್ಲಿ ನಾನು ಹೇಳುವ ರೀತಿ. ‘ಮಿಟಿಗೇಟ್’ ಅಂದರೆ ಸಮಸ್ಯೆ ಬಗೆಹರಿಸೋದಲ್ಲ, ಅದರ ಏಟು ಕಡಿಮೆ ಮಾಡೋದು. ‘ಕೇವಿಯಟ್’ ಕೋರ್ಟ್ ಸುದ್ದಿಯಲ್ಲಿ ಓದಿದ್ದೇವೆ. ಲ್ಯಾಟಿನ್‌ನಲ್ಲಿ ‘ಎಚ್ಚರವಿರಲಿ’ ಅಂತ. ಡಿಸೈನ್ ಡಾಕ್ಯುಮೆಂಟಿನಲ್ಲಿ ಬಂದರೆ ಅದೊಂದು ಎಚ್ಚರಿಕೆಯ ಮಾತು. ಕನ್ನಡ ಪದ ಗೊತ್ತು, ಇಂಗ್ಲಿಷ್ ನೆನಪಾಗ್ತಿಲ್ಲ ಅಂದಾಗ ವಿ. ಕೃಷ್ಣ ಅವರ ‘ಅಲರ್’ ಆನ್‌ಲೈನ್ ನಿಘಂಟು ಉಚಿತವಾಗಿ ಸಿಗುತ್ತೆ. ಹೊಸ ಪದವನ್ನು ಮೂರು ಬೇರೆ ಬೇರೆ ಕಡೆ ಓದುವವರೆಗೆ ಮೇಲ್‌ಗೆ ಹಾಕಲ್ಲ.

ಕಳೆದ ತಿಂಗಳು ಅದೇ ಹುಡುಗಿಯ ರಿವ್ಯೂ ಬರೆದೆ. ಅವಳು ಯಾವ ಬಗ್ ಹಿಡಿದಳು, ಯಾರಿಗೆ ಸಹಾಯ ಮಾಡಿದಳು ಅಂತ ಸರಳ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಓದಿ, “ಈ ಸಲ ಡಿಕ್ಷನರಿ ಬೇಕಾಗಲಿಲ್ಲ ಸರ್” ಅಂತ ನಕ್ಕಳು.